ಒರೆಸಿದರೆ ಹೋಗದ ಬೂದಿ

೧೧ ಜನವರಿ ೧೯೯೩, ಮಧ್ಯಾಹ್ನ

ಕರೆಂಟ್ ಹೋಗಿದೆ. ಮಗ್ಗಗಳು ನಿಂತಿವೆ. ಹಸಿರು ಹಾಸು ಕೆಚ್ಚಿ ಮುಗಿಯಲಿಲ್ಲ. ಕೆಚ್ಚುವುದೆಂದರೆ ಹಾಸಿನ ಹಳೇ ಎಳೆಗೆ ಹೊಸ ಎಳೆ ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯುವ ಕೆಲಸ. ಮದುವೆಯಾಗಿ ಬಂದಾಗಿನಿಂದ ನನ್ನದೇ. ಇವತ್ತು ತೋರುಬೆರಳು ಎಳೆ ಹಿಡಿಯಲಿಲ್ಲ. ತೊಂಡೆಕಾಯಿ ಹಾಗೆ ಊದಿದೆ. ಕಾಲಿನ ಹೆಬ್ಬೆರಳೂ ಕೆಂಪು.

ಮಾವನವರು ಜಗಲಿಯಿಂದ ನೋಡಿದರು. ಅವರಿಗೂ ಕಾಲಿನ ಹೆಬ್ಬೆರಳೇ, ಕೀಲು ಊದುವ ಗೌಟ್ ಅಂದಿದ್ದಾರೆ ಡಾಕ್ಟರು.

"ಏನಮ್ಮ, ಆಸ್ತಿ ಬರೆದುಕೊಡೋಕೆ ಮುಂಚೆ ರೋಗ ಇಸ್ಕೊಂಡ್ಬಿಟ್ಟೆ?"

ನಗು ಬಂತು. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಇದು ಜಮೀನ್ದಾರರ ರೋಗ. ಮೆತ್ತೆಯ ಮೇಲೆ ಕಾಲಿಟ್ಟು ಆಳುಗಳನ್ನು ಬೈಯುವ ಮುದುಕರು, ಕಿಟಕಿಯಾಚೆ ಹಿಮ. ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಅದಕ್ಕೆ ದಾರಿ ಹೇಗೆ ಗೊತ್ತಾಯಿತೋ.

೧೯ ಜನವರಿ

ರಕ್ತ ಪರೀಕ್ಷೆ ಬಂತು. ಯೂರಿಕ್ ಆಸಿಡ್ ಜಾಸ್ತಿ. ಡಾಕ್ಟರು ಚೀಟಿ ನೋಡಿದರು, ಕಾಲು ನೋಡಿದರು. "ನಿಮ್ಮ ಮಾವನದೇ," ಅಂದರು. ನನಗೂ ಅದೇ ಅನ್ನಿಸಿತ್ತು — ಓದಿದ್ದೆನಲ್ಲ.

ಮಾವನವರು ತಮ್ಮ ಮಾತ್ರೆ ಡಬ್ಬಿ ಮುಂದಿಟ್ಟರು. "ಬೇರೆ ಯಾಕೆ, ಇದರಲ್ಲೇ ತಗೋ." ತಗೊಂಡೆ.

ಅವರೆಕಾಳು ಬಿಡಬೇಕಂತೆ. ಈ ಕಾಲದಲ್ಲಿ! ಅತ್ತೆ ಹಿತಕಿದಬೇಳೆ ಸಾರು ಮಾಡಿದ್ದರು. ಮಾವ, ನಾನು ಎದುರುಬದುರು ಕೂತು ಮಜ್ಜಿಗೆ ಅನ್ನ ಉಂಡೆವು.

೧೨ ಏಪ್ರಿಲ್

ಮಾವನವರ ಕಾಲು ಇಳಿಯಿತು. ಪೇಟೆಗೆ ನಡೆದೇ ಹೋಗುತ್ತಾರೆ. ಅದೇ ಡಬ್ಬಿ, ಅದೇ ಮಾತ್ರೆ, ನನ್ನ ಬೆರಳು ಇಳಿಯಲಿಲ್ಲ. ಎಡಗೈಯಲ್ಲೂ ಒಂದು ಶುರು. ಮಂಡಿಯೂ. ಬೆಳಿಗ್ಗೆ ಮುಷ್ಟಿ ಬಿಚ್ಚುವುದೇ ಒಂದು ಕೆಲಸ.

೨೮ ಜುಲೈ

ಕೆಚ್ಚೋಕೆ ಕೂಲಿಗೆ ಲಕ್ಕಮ್ಮ ಬಂದಳು. ನನ್ನ ಜಾಗ, ನನ್ನ ಬೂದಿ ಬಟ್ಟಲು.

"ಅಕ್ಕಾ, ರಾಣಿ ಥರ ಕೂತ್ಕೊ. ನಿನ್ನ ಪುಸ್ತಕದ ಕಥೆ ಹೇಳು."

ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ನನ್ನ ಬೆರಳು ಹೀಗೇ ಬಗ್ಗಿ ನಿಂತುಬಿಟ್ಟರೆ...

ನಮ್ಮ ಯಜಮಾನರು ನೋಡಿರಬೇಕು. "ನಾಳೆ ಬೆಂಗಳೂರಿಗೆ ಹೋಗೋಣ. ಅಪ್ಪನೂ ಬರಲಿ, ಅವರಿಗೂ ಈಗ ಮಂಡಿ ಊದಿದೆ."

೩೦ ಜುಲೈ, ಬೆಳಿಗ್ಗೆ

ನಿನ್ನೆಯದನ್ನು ತಪ್ಪಿಲ್ಲದೆ ಬರೆಯಬೇಕು. ಪೆನ್ನು ಜಾರುತ್ತದೆ. ಜಾರಲಿ.

ಕೀಲಿನ ಡಾಕ್ಟರು. ವಯಸ್ಸಾದ ಹೆಂಗಸು. ಕಾಲಿನ ವಿಷಯ ಕೇಳಲಿಲ್ಲ, ಉಗುರು ಹಿಡಿದು ಬೆಳಕಿಗೆ ತಿರುಗಿಸಿದರು. ಸೂಜಿಯಲ್ಲಿ ಚುಚ್ಚಿದಂಥ ಗುಳಿಗಳು. ಎಳೆ ಉಜ್ಜಿ ಹಾಗಾಗಿದೆ ಅಂದೆ.

"ಮೊಣಕೈ ಮೇಲೆ ಬಿಳೀದು?"

"ಬೂದಿ, ಮೇಡಂ. ಚರ್ಮಕ್ಕೆ ಹತ್ತಿಕೊಂಡುಬಿಟ್ಟಿದೆ. ಕೆಚ್ಚೋರಿಗೆಲ್ಲ ಇರುತ್ತೆ."

ಒದ್ದೆ ಹತ್ತಿ ಕೊಟ್ಟರು. "ಒರೆಸಿ."

ಒರೆಸಿದೆ. ಇನ್ನೊಮ್ಮೆ, ಗಟ್ಟಿಯಾಗಿ. ಹೋಗಲಿಲ್ಲ. ಕೆಳಗೆ ಕೆಂಪು.

"ಬೂದಿ ಅಲ್ಲಮ್ಮ. ನಿಮ್ಮ ಚರ್ಮವೇ. ಸೋರಿಯಾಸಿಸ್. ಅದೇ ಕೀಲಿಗೂ ಇಳಿದಿದೆ."

ಮಾವನ ಮಂಡಿಯಿಂದ, ನನ್ನ ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದರು. ಆಮೇಲೆ ಮೈಕ್ರೋಸ್ಕೋಪಿನ ಹತ್ತಿರ ಕರೆದರು. ಮೊದಲು ಮಾವನದು. ಗುಲಾಬಿ ಬಣ್ಣದ ಬಯಲು. ಅದರ ತುಂಬ ಹೊಳೆಯುವ ಸೂಜಿಗಳು, ಜರಿ ಕತ್ತರಿಸಿ ಚೆಲ್ಲಿದ ಹಾಗೆ. ಯೂರಿಕ್ ಆಸಿಡ್ ಹರಳು ಅಂದರು. ಗಾಜು ತಿರುಗಿಸಿದರು — ಹಳದಿ ಇದ್ದದ್ದು ನೀಲಿ! ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಹಾಕಿದ ಸೀರೆ ಬೆಳಕಿಗೆ ಹೊರಳಿದ ಹಾಗೆ. ಮಾವನವರು ರಾತ್ರಿಯೆಲ್ಲ ನರಳುವುದು ಇದಕ್ಕೆ. ಇಷ್ಟು ಚೆಂದದ್ದಕ್ಕೆ.

ನನ್ನದು ಇಟ್ಟರು. ಅದೇ ಗುಲಾಬಿ ಬಯಲು. ಹುಡುಕಿದೆ. ಸೂಜಿ ಒಂದೂ ಇಲ್ಲ.

"ಹಾಗಾದರೆ ರಕ್ತದಲ್ಲಿ ಯೂರಿಕ್ ಆಸಿಡ್ ಯಾಕೆ ಜಾಸ್ತಿ?"

"ಚರ್ಮ ಹೊಸದಾಗೋಕೆ ಹೆಚ್ಚುಕಮ್ಮಿ ತಿಂಗಳು ಬೇಕು. ನಿಮಗೆ ಆ ತೇಪೆಗಳಲ್ಲಿ ವಾರದೊಳಗೇ ಆಗ್ತಿದೆ. ಅಷ್ಟು ಚರ್ಮ ಹುಟ್ಟಿ ಅಷ್ಟು ಸತ್ತರೆ, ಆ ಕಸದಿಂದಲೂ ಯೂರಿಕ್ ಆಸಿಡ್ ಏರಬಹುದು. ಕೆಲವರಿಗೆ ಎರಡು ರೋಗವೂ ಒಟ್ಟಿಗೇ ಇರುತ್ತೆ. ಅದಕ್ಕೇ ರಕ್ತ ಒಂದನ್ನೇ ನಂಬಬಾರದು."

ಬೆರಳಿನ ಬಗ್ಗೆ ಕೇಳಿದೆ. ಕೀಲು ಇನ್ನೂ ಸವೆದಿಲ್ಲವಂತೆ. ವಾರಕ್ಕೊಂದು ದಿನ ಮಾತ್ರೆ, ನಡುವೆ ರಕ್ತ ಪರೀಕ್ಷೆ. ತಿಂಗಳುಗಳೇ ಬೇಕು. "ಬೆರಳಿಗೆ ಹಿಡಿತ ತಿರುಗಿ ಬರಬಹುದು," ಅಂದರು. ಬರುತ್ತೆ ಅನ್ನಲಿಲ್ಲ.

ಬಸ್ಸಿನಲ್ಲಿ ಮಾವನವರು, "ನನ್ನ ಡಬ್ಬಿ ನನಗೊಬ್ಬನಿಗೇ ಆಯ್ತಲ್ಲಮ್ಮ. ಜೊತೆ ತಪ್ಪಿಹೋಯ್ತು."

ದಾರಿಯುದ್ದಕ್ಕೂ ಮೊಣಕೈ ನೋಡಿಕೊಂಡು ಬಂದೆ. ನಾನು ಉಂಡಾಗ, ಮಲಗಿದಾಗ, ಓದುವಾಗ, ನಿಲ್ಲದೆ ನೇಯ್ದು ಚೆಲ್ಲುತ್ತಿದೆ ಒಂದು ಮಗ್ಗ. ಕರೆಂಟ್ ಹೋಗದ ಮಗ್ಗ. ನಾನು ಅದನ್ನು ಬೂದಿ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ.

೧೪ ಸೆಪ್ಟೆಂಬರ್

ಭಾನುವಾರ ಮಾತ್ರೆ, ಸೋಮವಾರ ವಾಕರಿಕೆ. ಬೆರಳು ಹಾಗೇ. ಪುಸ್ತಕದ ಹಾಳೆ ಮಣಿಕಟ್ಟಿನಲ್ಲಿ ತಿರುವುತ್ತೇನೆ.

೮ ಡಿಸೆಂಬರ್, ಬೆಳಿಗ್ಗೆ

ಮೊದಲ ಅವರೆ ಬಂತು. ಅತ್ತೆ ನೆನೆಹಾಕಿದ್ದರು. ಸುಮ್ಮನೆ ಪಕ್ಕದಲ್ಲಿ ಕೂತು ಒಂದು ಕಾಳು ಹಿಡಿದೆ. ಹೆಬ್ಬೆರಳು, ತೋರುಬೆರಳು. ಒತ್ತಿದೆ. ಸಿಪ್ಪೆ ಕೈಯಲ್ಲಿ ಉಳಿಯಿತು, ಬೇಳೆ ಹಾರಿ ಅತ್ತೆಯ ಮಡಿಲಿಗೆ ಬಿತ್ತು.

ಅತ್ತೆ ನೋಡಿದರು. ಪಾತ್ರೆಯನ್ನೇ ನನ್ನ ಕಡೆ ತಳ್ಳಿದರು.

೯ ಡಿಸೆಂಬರ್, ಮಧ್ಯಾಹ್ನ

ನೇರಳೆ ಹಾಸು. ಲಕ್ಕಮ್ಮನ ಪಕ್ಕದಲ್ಲಿ ಕೂತೆ. ಬೂದಿ ಮುಟ್ಟಿದೆ. ಎಳೆ ಇರುವುದು ಬೆರಳಿಗೆ ಗೊತ್ತಾಯಿತು. ಹೊಸೆದೆ. ಲಕ್ಕಮ್ಮ ಬಗ್ಗಿ ಎಳೆದು ನೋಡಿದಳು. ಎಳೆ ಬಿಟ್ಟುಕೊಳ್ಳಲಿಲ್ಲ.

"ಅಯ್ಯೋ ಅಕ್ಕಾ, ನನ್ನ ಕೂಲಿಗೆ ಕಲ್ಲು ಹಾಕಿಬಿಟ್ಟೆ!" ಅಂದು ಕಣ್ಣೊರೆಸಿಕೊಂಡಳು.

ಬರೆಯದೆ ಇರಲಾಗಲಿಲ್ಲ, ಎದ್ದು ಬಂದೆ. ಹಾಳೆಯ ಮೇಲೆಲ್ಲ ಬಿಳೀ ಬೆರಳಚ್ಚು. ಸೆರಗಿನಲ್ಲಿ ಒರೆಸಿದೆ. ಹೋಯಿತು. ಬೂದಿಯೇ.

ಲಕ್ಕಮ್ಮ ಕೂಗುತ್ತಿದ್ದಾಳೆ. ಒಂದು ನಿಮಿಷ. ತೋಳು ಮಡಚಿ, ಮೊಣಕೈ ಬೆಳಕಿಗೆ ಹಿಡಿದಿದ್ದೇನೆ. ಅಲ್ಲೂ ಒಂದು ಬಿಳೀ ಗೆರೆ. ಒರೆಸಿ ನೋಡಬೇಕು, ಬೂದಿಯೋ ಚರ್ಮವೋ.