ಔರಾದ ದಿಗ್ವಿಜಯ

ನೌಬಾದ, ಬೀದರ
ರವಿವಾರ, ಆಗಸ್ಟ್ ೧೭, ೨೦೨೫

ಪ್ರೀತಿಯ ಮನೆಯವರಿಗೆ,

ಮನೆ ಬಿಟ್ಟು ಹೋದವರನ್ನು ಹೀಗೆ ಕರೆಯುವುದು ರೂಢಿಗೆ ಒಪ್ಪಿದರೂ ಸತ್ಯಕ್ಕೆ ಒಪ್ಪುವುದಿಲ್ಲ. ಆದರೆ ನೀವು ಈಗ ದುಬೈ ಹೋಟೆಲಿನಲ್ಲಿದ್ದೀರಿ ಎಂದು ‘ಪ್ರೀತಿಯ ಹೋಟೆಲಿನವರಿಗೆ’ ಎಂದು ಬರೆದರೆ ಇಡ್ಲಿಗೆ ಆರ್ಡರ್ ಕೊಟ್ಟ ಹಾಗಾಗುತ್ತದೆ. ಇರಲಿ. ಹೊಟ್ಟೆ ಹೇಗಿದೆ? ಎ.ಸಿ.ಗೆ ಮೂಗು ಕಟ್ಟಿಲ್ಲ ತಾನೆ? ಆ ಬಲ ಮೊಣಕಾಲಿನ ಕತೆ ಕಂಪನಿಯವರಿಗೆ ಹೇಳಿದ್ದೀರೋ ಮುಚ್ಚಿಟ್ಟಿದ್ದೀರೋ? ಗುಂಡು ಹಾರಿದಾಗ ನೆಲಕ್ಕೆ ಬೀಳುವುದು ನಿಮಗೆ ಗೊತ್ತಿದೆ. ಆಮೇಲೆ ಏಳುವುದಕ್ಕೆ ಅವ್ವನ ಹಾಗೆ ‘ಯಾರರೆ ಕೈ ಕೊಡ್ರಿ’ ಎಂದು ಕೂಗಿದರೆ ಆ ದೇಶದಲ್ಲಿ ಯಾರಿಗೆ ತಿಳಿಯಬೇಕು? ಇಲ್ಲಿ ಅವ್ವ ಆರಾಮ. ಬಿ.ಪಿ. ಗುಳಿಗೆ ತಪ್ಪಿಸುವುದಿಲ್ಲ, ನಿಮ್ಮನ್ನು ಬೈಯುವುದನ್ನೂ ತಪ್ಪಿಸುವುದಿಲ್ಲ. ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನ ಹಾದಾಗಲೆಲ್ಲ ಕತ್ತೆತ್ತಿ, ‘ನನ್ನ ಮಗ ಫೌಜ್ ಬಿಟ್ಟು ಬಂದಾನ ಖರೇ, ಫೌಜ್ ಇನ್ನಾ ನನ್ನ ಮಗನಿಗಿ ಬಿಟ್ಟಿಲ್ಲ’ ಅನ್ನುತ್ತಾರೆ. ನಾನು ಇಷ್ಟು ಓದಿಯೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ಹುಬ್ಬು ಏರಿಸಬೇಡಿ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವ ಮೊದಲು ನೀವು ಮಧ್ಯಪ್ರವೇಶ ಮಾಡುತ್ತೀರಿ, ಅದು ನಿಮ್ಮ ಹುಟ್ಟುಗುಣ. ಕಾಗದದೊಳಗೆ ನುಗ್ಗಲು ನಿಮ್ಮ ಯಾವ ಪಡೆಗೂ ದಾರಿಯಿಲ್ಲ. ಚಿದ್ರಿಯ ಮಹಮೂದಾ ಬೇಗಂ ಅವರ ಮಗ ರಾಹೀಲ ರಜೆ ಮುಗಿಸಿ ಇಂದು ಸಂಜೆ ಹೈದರಾಬಾದಿಗೆ ಹೋಗಿ ದುಬೈ ವಿಮಾನ ಹತ್ತುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಗುರುವಾರ ಕರಾರಿಗೆ ಸಹಿ ಹಾಕುವ ಮೊದಲೇ ತಲುಪಬೇಕು. ನಮ್ಮ ಊರಲ್ಲಿ ‘ಸಹೀ’ ಅಂದರೆ ಸರಿ ಎಂಬ ಅರ್ಥವೂ ಇದೆ. ಎಲ್ಲ ಸಹಿಯೂ ಸಹೀ ಆಗುವುದಿಲ್ಲ ಎಂಬುದನ್ನು ಮಾತ್ರ ಆ ಕರಾರಿನಲ್ಲಿ ಎಲ್ಲೂ ಬರೆದಿರಲಿಕ್ಕಿಲ್ಲ.

ನೀವು ಮನೆಯಲ್ಲಿ ಬಿಟ್ಟುಹೋದ, ಆ ಕಂಪನಿಯ ಬಣ್ಣದ ಪುಸ್ತಿಕೆಯನ್ನು ಓದಿದೆ. ಯಾವುದೋ ದೇಶದಲ್ಲಿ ಎರಡು ಗುಂಪು ಬಡಿದಾಡುತ್ತಿವೆ, ದೊಡ್ಡ ದೇಶಗಳು ಒಂದು ಗುಂಪಿನ ಬೆನ್ನಿಗೆ ನಿಂತು ಸೈನ್ಯ ಇಳಿಸಿವೆ, ಆ ಸೈನ್ಯದ ಜೊತೆ ಓಡಾಡಲು ನಿಮ್ಮಂಥ ನಿವೃತ್ತ ಯೋಧರು ಬೇಕಂತೆ. ಹುದ್ದೆಯ ಹೆಸರು ‘ಸ್ಥಿರತಾ ಸಹಯೋಗಿ’. ಎದ್ದರೆ ಕೂರಲಾರದ, ಕೂತರೆ ಏಳಲಾರದ ನಿಮ್ಮನ್ನು ನೋಡಿಯೇ ಈ ಹೆಸರು ಇಟ್ಟಿರಬೇಕು. ಮುಖಪುಟದಲ್ಲಿ ಹೆಗಲಿಗೆ ಬಂದೂಕು ತಗುಲಿಸಿಕೊಂಡವನೊಬ್ಬ ಮಗುವಿಗೆ ಬಿಸ್ಕಿಟು ಕೊಡುತ್ತಿದ್ದಾನೆ. ಬಿಸ್ಕಿಟು ಕೊಡಲು ಬಂದೂಕು ಯಾತಕ್ಕೆ? ನಮ್ಮ ಮೂಲೆಯ ಕಿರಾಣಿ ಅಂಗಡಿಯ ಶಿವರಾಜಪ್ಪನವರು ಇಷ್ಟು ವರ್ಷದಿಂದ ಒಂದು ಚಾಕೂ ಇಲ್ಲದೆ ಇಡೀ ನೌಬಾದಕ್ಕೆ ಬಿಸ್ಕಿಟು ಕೊಡುತ್ತ ಬಂದಿದ್ದಾರೆ. ಆ ದೇಶದ ಹೆಸರನ್ನು ನೀವು ಒಂದೇ ಕರೆಯಲ್ಲಿ ಮೂರು ಥರ ಉಚ್ಚರಿಸಿದಿರಿ. ಹೆಸರು ಹೇಳಲು ಬಾರದ ಊರನ್ನು ಉದ್ಧಾರ ಮಾಡಲು ಹೊರಡುವ ಧೈರ್ಯ ದೇವರಿಗೂ ಇರಲಿಕ್ಕಿಲ್ಲ. ಅದಕ್ಕೇ ನಮ್ಮ ಬುದ್ಧ ಭಗವಾನರು ದೇವರ ಗೊಡವೆಗೇ ಹೋಗಲಿಲ್ಲ. ಸಂಬಳದ ಮಾತು ಎತ್ತಬೇಡಿ. ನಿಮ್ಮ ಪಿಂಚಣಿ, ನನ್ನ ಮಾಸ್ತರಿಕೆ ಎರಡೂ ಸೇರಿ ಒಲೆ ಚೆನ್ನಾಗಿಯೇ ಉರಿಯುತ್ತಿದೆ. ನಿಮ್ಮನ್ನು ಅಲ್ಲಿಗೆ ಎಳೆದದ್ದು ದುಡ್ಡಲ್ಲ, ಯಾರನ್ನಾದರೂ ಕಾಪಾಡಿಬಿಡಬೇಕು ಎಂಬ ಆ ಹಳೆಯ ತುರಿಕೆ.

ತುರಿಕೆ ನಿಮಗೊಬ್ಬರಿಗೇ ಅಲ್ಲ. ಮೊನ್ನೆ ಸ್ವಾತಂತ್ರ್ಯ ದಿನಾಚರಣೆಗೆ ನಮ್ಮ ಭಾಲ್ಕಿ ಕಾಲೇಜಿಗೆ ಬೀಜ-ಗೊಬ್ಬರದ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು ಮುಖ್ಯ ಅತಿಥಿ. ಲೋಕದಲ್ಲಿ ಎಲ್ಲಿ ಅನ್ಯಾಯವಾದರೂ ನಮ್ಮ ಸೈನ್ಯ ನುಗ್ಗಬೇಕು ಎಂದು ಮೈಕು ಕೆಮ್ಮುವ ತನಕ ಗುಡುಗಿದರು. ‘ಫೌಜ್ ಕಳಸ್ರಿ, ನೋಡ್ಕೋತ ಕುಂದ್ರಬ್ಯಾಡ್ರಿ’ ಎಂದು ಮೇಜು ಗುದ್ದಿದರು. ಅದೇ ಮಹಾನುಭಾವರ ಮಗ ನನ್ನ ತರಗತಿಯಲ್ಲೇ ಇದ್ದಾನೆ. ಬಿಸಿಲಿಗೆ ತಲೆ ಸುತ್ತುತ್ತದೆ ಎಂದು ಡಾಕ್ಟರ ಚೀಟಿ ತಂದು ಎನ್‌ಸಿಸಿ ಪರೇಡಿನಿಂದ ಬಿಡಿಸಿಕೊಂಡವನು. ಅಪ್ಪ ಜಗತ್ತಿಗೆ ಸೈನ್ಯ ಕಳಿಸುವಾಗ ಮಗ ನೆರಳಲ್ಲಿ ಕೂತು ಲಾಡು ತಿನ್ನುತ್ತಿದ್ದ. ಟಿ.ವಿ.ಯಲ್ಲಿ ಮೀಸೆ ತಿರುವಿ ನಕಾಶೆಗೆ ಕೋಲು ಚುಚ್ಚುವವರೂ ಇದೇ ಜಾತಿಯವರೇ. ನಕಾಶೆಗೆ ಕೋಲು ಚುಚ್ಚಿದರೆ ರಕ್ತ ಬರುವುದಿಲ್ಲ, ಅದೊಂದು ಅನುಕೂಲ.

ನಾನು ಇತಿಹಾಸ ಕಲಿಸಿ ಹೊಟ್ಟೆ ಹೊರೆಯುವವಳು, ಸ್ವಲ್ಪ ಕೊರೆಯಲು ಬಿಡಿ. ಅಫಗಾನಿಸ್ತಾನವನ್ನು ನೆಟ್ಟಗೆ ಮಾಡಲು ಒಂದು ದೊಡ್ಡ ದೇಶ ಹೋಗಿ ಹತ್ತು ವರ್ಷ ಕೂತಿತು, ಇನ್ನೊಂದು ಹೋಗಿ ಇಪ್ಪತ್ತು ವರ್ಷ ಕೂತಿತು. ಅದು ಎದ್ದು ಹೊರಡುವಷ್ಟರಲ್ಲಿ, ಯಾರನ್ನು ಕುರ್ಚಿಯಿಂದ ಇಳಿಸಿತ್ತೋ ಅವರೇ ಬಂದು ಧೂಳು ಒರೆಸಿಕೊಂಡು ಅದೇ ಕುರ್ಚಿಯಲ್ಲಿ ಕೂತರು. ಇರಾಕಿನಲ್ಲಿ ಘೋರ ಅಸ್ತ್ರಗಳನ್ನು ಹುಡುಕಲು ಹೋದವರಿಗೆ ಅವು ಸಿಗಲಿಲ್ಲ. ಇವರು ಒಯ್ದ ಅಸ್ತ್ರಗಳು ಮಾತ್ರ ಸಿಗಬಾರದವರಿಗೆಲ್ಲ ಸಿಕ್ಕವು. ಹೊರಗಿನವರ ಮಾತೇಕೆ, ಶಾಂತಿ ಕಾಯಲು ಶ್ರೀಲಂಕೆಗೆ ಹೋದ ನಮ್ಮದೇ ಪಡೆ, ಯಾರನ್ನು ಕಾಯಬೇಕಾಗಿತ್ತೋ ಅವರ ಹುಡುಗರ ಜೊತೆಗೇ ಕಾದಾಡಿ, ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಬಂತು. ನಿಮ್ಮ ಸುಬೇದಾರ ಸಾಹೇಬರು ಆ ಕತೆ ಹೇಳುವಾಗ ಚಹಾ ಆರಿಹೋಗುತ್ತಿತ್ತು ಎಂದು ನೀವೇ ಹೇಳಿದ್ದಿರಿ. ಶಾಂತಿಪಡೆ ಹೋದಲ್ಲಿ ಶಾಂತಿ ಪಡೆದವರು ಯಾರು, ಒಬ್ಬರ ಹೆಸರು ಬರೆದು ಕಳಿಸಿ, ಪರೀಕ್ಷೆಗೆ ಕೇಳುತ್ತೇನೆ. ನಮ್ಮ ಅಷ್ಟೂರಿನ ಗುಮ್ಮಟಗಳ ಕೆಳಗೆ ಮಲಗಿರುವ ಸುಲ್ತಾನರನ್ನೇ ನೋಡಿ. ಪಕ್ಕದ ರಾಜ್ಯದ ಮೇಲೆ ದಂಡು ಕಳಿಸುವಾಗ ಒಬ್ಬರಾದರೂ ‘ಲೂಟಿಗೆ ಹೋಗುತ್ತೇವೆ’ ಎಂದು ಡಂಗುರ ಸಾರಿಸಿರಲಿಕ್ಕಿಲ್ಲ. ಈಗ ಸಿಡಿಲಿಗೆ ಸೀಳಿದ ಗುಮ್ಮಟದ ನೆರಳಲ್ಲಿ ಆಡು ಮಲಗುತ್ತವೆ. ಅವಷ್ಟೇ ಅಲ್ಲಿ ಶಾಂತಿ ಪಡೆದವು.

ಇದೆಲ್ಲ ಪುಸ್ತಕದ ಮಾತು ಎಂದು ನೀವು ಹಾಳೆ ತಿರುವಿಹಾಕುತ್ತೀರಿ ಎಂದು ಗೊತ್ತು. ಆದ್ದರಿಂದ ನಿಮ್ಮದೇ ದಂಡಯಾತ್ರೆಗೆ ಬರುತ್ತೇನೆ. ಎರಡು ವರ್ಷದ ಹಿಂದಿನ ಬೇಸಗೆ, ನೀವು ಫೌಜಿನಿಂದ ನಿವೃತ್ತರಾಗಿ ಬಂದ ಹೊಸತು. ಔರಾದ ಹತ್ತಿರದ ಹಳ್ಳಿಗೆ ಕೊಟ್ಟ ನಿಮ್ಮ ತಂಗಿ ಸುಮನ ಫೋನಿನಲ್ಲಿ ಅತ್ತಳು. ಅವಳ ಗಂಡ ನಾಗಸೇನನಿಗೂ ಅವನ ಅಣ್ಣ ನರಸಿಂಗನಿಗೂ ಅಂಗಳದ ಜಗಳ. ಬೋರು ಅಣ್ಣನ ಅಂಗಳದಲ್ಲಿದೆ. ಅಣ್ಣ ನಡುವೆ ಮುಳ್ಳಿನ ಬೇಲಿ ಹಾಕಿ ತಮ್ಮನ ಮನೆಗೆ ನೀರಿನ ದಾರಿ ಮುಚ್ಚಿದ್ದ. ನೀವು ಮರುದಿನವೇ ಮೂವರು ಫೌಜಿ ಗೆಳೆಯರನ್ನು ಜೀಪಿನಲ್ಲಿ ತುಂಬಿಕೊಂಡು ಹೋದಿರಿ. ಬೇಲಿ ಕಿತ್ತು ಬೆಂಕಿ ಕೊಟ್ಟಿರಿ. ಬನಿಯನ್ ಮೇಲಿದ್ದ ನರಸಿಂಗನನ್ನು ಊರಿನ ಮುಂದೆ ನಿಲ್ಲಿಸಿ ‘ಇನ್ನ ಮುಂದ ಹೀಂಗ ಮಾಡಂಗಿಲ್ರಿ’ ಎಂದು ಹೇಳಿಸಿದಿರಿ. ಸುಮನಳ ಕೈಯ ಊಟ ಉಂಡು, ಫೋಟೋ ಹೊಡೆಸಿಕೊಂಡು ಸಂಜೆಯೊಳಗೆ ನೌಬಾದಕ್ಕೆ ಬಂದು, ‘ಏಕ್ ದಿನ್ ಮೇ ಖತಂ’ ಎಂದು ಮೀಸೆ ಒರೆಸಿಕೊಂಡಿರಿ. ಅಂದಿನಿಂದ ನಮ್ಮ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಔರಾದ ದಿಗ್ವಿಜಯದ ಕತೆ ಬಡಿಸುತ್ತಿದ್ದೀರಿ. ಆಮೇಲೆ ಏನಾಯಿತು ಎಂದು ನೀವು ಕೇಳಲಿಲ್ಲ. ಗೆದ್ದವರು ಕೇಳುವ ಪದ್ಧತಿಯಿಲ್ಲ.

ಹೋದ ವಾರ ನಾನು ಔರಾದ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದೆ. ಸುಮನ ಈಗ ಏಳು ತಿಂಗಳ ಬಸುರಿ, ನಿಮಗೆ ಗೊತ್ತೇ ಇದೆ. ಸೋದರತ್ತೆಯಾಗುವವಳು ಕೈಬೀಸಿಕೊಂಡು ಹೋಗಬಾರದೆಂದು ಅವ್ವ ಮಾಡಿಕೊಟ್ಟ ಅಂಟಿನುಂಡೆ ಒಯ್ದಿದ್ದೆ. ನಾನು ಇಳಿದಾಗ ಅವಳು ಊರ ಸರಕಾರಿ ಸಾಲೆಯ ನಲ್ಲಿಯಿಂದ ಕೊಡ ಹೊತ್ತು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದಳು. ನಾನು ಓಡಿಹೋಗಿ ಕೊಡ ಕಸಿದುಕೊಂಡೆ. ಮನೆಗೆ ಬಂದು ನೋಡಿದರೆ ಬೇಲಿ ಇದ್ದ ಜಾಗದಲ್ಲಿ ಆಳೆತ್ತರದ ಕಲ್ಲಿನ ಗೋಡೆ. ನಿಮ್ಮ ಜೀಪು ಹೊರಟ ಒಂದೇ ವಾರದೊಳಗೆ ನರಸಿಂಗ ಕಟ್ಟಿಸಿದ್ದಂತೆ. ಮುಳ್ಳನ್ನು ನಾಲ್ಕು ಜನ ಕಿತ್ತಿರಿ, ಕಲ್ಲನ್ನು ಈಗ ಯಾವ ಫೌಜು ಕೀಳಬೇಕು?

ನಿಮ್ಮ ವರದಿಯಲ್ಲಿ ಬಾರದ ಸಂಗತಿ ಕೇಳಿ. ಆ ಮುಳ್ಳಿನ ಬೇಲಿ ಹಾಕಿದ ಮರುದಿನದಿಂದಲೇ, ದೀಪ ಹಚ್ಚುವ ಹೊತ್ತಿಗೆ, ನರಸಿಂಗನ ಹೆಂಡತಿ ಅಂಜನಾಬಾಯಿ ಬೋರಿನ ನೀರು ತುಂಬಿ ಬೇಲಿಯ ಮೇಲಿಂದ ಕೊಡ ದಾಟಿಸುತ್ತಿದ್ದರು. ಸುಮನ ಖಾಲಿ ಕೊಡ ಆಚೆ ಕೊಡುತ್ತಿದ್ದಳು. ಅಣ್ಣತಮ್ಮಂದಿರಿಬ್ಬರೂ ಸರಿಯಾಗಿ ಅದೇ ಹೊತ್ತಿಗೆ ಬೇರೆ ದಿಕ್ಕಿಗೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದರಂತೆ. ಅಷ್ಟು ದೊಡ್ಡ ಕೊಡ ಕಣ್ಣಿಗೆ ಬೀಳದ ಹಾಗೆ ಬೀಡಿ ಹಚ್ಚುವುದು ಸಣ್ಣ ವಿದ್ಯೆಯಲ್ಲ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಬೇಲಿಯ ಮುಳ್ಳು ಒಣಗಿ ಒಲೆಗೆ ಹೋಗುತ್ತಿತ್ತು. ನೀವು ಯಾರನ್ನೂ ಕೇಳದೆ ಹೋಗಿ ಗೆದ್ದುಬಿಟ್ಟಿರಿ. ಹೊರಡುವಾಗ ನಿಮ್ಮ ಜೀಪು ಹಿಂದೆ ಸರಿದು ಒಂದು ಕೋಳಿಗೂಡಿನ ಮೇಲೆ ಹತ್ತಿತಲ್ಲ, ‘ಕುಛ್ ನಹೀ, ಗೂಡು’ ಎಂದು ನೀವು ನಗುತ್ತ ಹೇಳಿದ್ದು ನೆನಪಿದೆ. ಆ ಗೂಡು ಅಂಜನಾಬಾಯಿಯದು. ಆ ಮನೆಯಲ್ಲಿ ಅವರದು ಎಂದು ಇದ್ದದ್ದು ಅಷ್ಟೇ. ಎರಡು ಕೋಳಿ ಉಳಿದವು, ಅವೂ ಕಾವು ಕೂರಲಿಲ್ಲ. ಗೋಡೆಯ ಆಚೆಗೆ ಹೋಗಿ ನಾನು ಮಾತಾಡಿಸಿದಾಗ ಅವರು ಜಗಳವಾಡಲಿಲ್ಲ. ‘ನನ್ನ ಕೋಳಿ ಏನ್ ಮಾಡಿದ್ವು ರೀ ಬಾಯೀ, ಅವರಿಗಿ? ಅವೂ ಲಡಾಯಿದಾಗ ಇದ್ವಾ?’ ಎಂದು ಕೇಳಿದರು.

ವಾಪಸು ಬಂದು ಸುಮನಳ ಮೇಲೆ ನಾನೇ ರೇಗಿದೆ, ಅಣ್ಣನನ್ನು ಅಷ್ಟು ಅವಸರ ಮಾಡಿ ಯಾಕೆ ಕರೆಸಿದೆ ಎಂದು. ಅವಳು ಕೊಡದ ಬಾಯಿ ಒರೆಸುತ್ತ ಈ ಅತ್ತಿಗೆಗೆ ಹೇಳಿದಳು: ‘ವೈನೀ, ನಾ ಅತ್ತೀನಿ ಖರೇ. ಕರ್ದಿದ್ದಿಲ್ಲ.’

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ನಿಮ್ಮ ಹೋಟೆಲಿನ ಕನ್ನಡಿಗೆ ಅಂಟಿಸಿಕೊಳ್ಳಿ. ಹಾಗಾದರೆ ಅಳುವವರನ್ನು ನೋಡುತ್ತ ಕೂರಬೇಕೇನು ಎಂದು ನೀವು ಕೇಳುತ್ತೀರಿ. ಮಲ್ಲಿಕಾರ್ಜುನಪ್ಪನವರ ಪ್ರಶ್ನೆಯೂ ಅದೇ. ಕೂರಬೇಡಿ. ನೀರು ಕಳಿಸಿ, ಔಷಧಿ ಕಳಿಸಿ, ಓಡಿ ಬಂದವರಿಗೆ ಬಾಗಿಲು ತೆರೆಯಿರಿ, ಎರಡೂ ಕಡೆಗೆ ಮದ್ದುಗುಂಡು ಮಾರುವ ಅಂಗಡಿ ಮುಚ್ಚಿಸಿ. ಆದರೆ ಇಷ್ಟು ಮಾಡಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ, ಅದಕ್ಕೇ ದೊಡ್ಡವರಿಗೆ ಇದು ರುಚಿಸುವುದಿಲ್ಲ. ನೀವು ಹೋಗುವ ದೇಶದಲ್ಲೂ ಎಲ್ಲೋ ಒಂದು ಬೇಲಿ ಇದೆ. ಅದರ ಮೇಲಿಂದ ಕತ್ತಲಾಗುವ ಹೊತ್ತಿಗೆ ಕೊಡ ದಾಟಿಸುವ ಒಬ್ಬಳು ಇದ್ದಾಳೆ. ನಿಮ್ಮ ಪುಸ್ತಿಕೆಯಲ್ಲಿ ಅವಳ ಚಿತ್ರವಿಲ್ಲ. ನಿಮ್ಮ ಜೀಪು ಮೊದಲು ಹತ್ತುವುದು ಅವಳ ಗೂಡಿನ ಮೇಲೆಯೇ. ಔರಾದದಲ್ಲಿ ನಿಮಗೆ ಭಾಷೆ ಬರುತ್ತಿತ್ತು, ಉಂಡದ್ದು ನಿಮ್ಮ ತಂಗಿಯ ಕೈಯ ಊಟ. ಅಲ್ಲಿಯೇ ಇಷ್ಟು ಹಾಳು ಮಾಡಿ ಬಂದವರು ನಾಲಿಗೆಗೆ ಹೆಸರೂ ತಿರುಗದ ದೇಶದಲ್ಲಿ ಸ್ಥಿರತೆ ತರುತ್ತೀರಾ?

ಬಿಸಿಲಿಗೆ ತಿರುಗಬೇಡಿ, ರಾಹೀಲನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಇದೆ, ಗೆಳೆಯರಿಗೆಲ್ಲ ಹಂಚಿ ಮುಗಿಸಬೇಡಿ. ಅವ್ವ ನಿಮ್ಮ ತಲೆ ಸವರಿದ್ದೇನೆಂದು ಬರೆಯಲು ಹೇಳಿದರು; ಕಿವಿ ಹಿಂಡಲೂ ಹೇಳಿದರು, ಅದನ್ನು ಈ ಕಾಗದವೇ ಮಾಡಿದೆ ಎಂದುಕೊಂಡಿದ್ದೇನೆ.

ಮನೆಯಲ್ಲೇ ಇರುವ,
ಆಮ್ರಪಾಲಿ

ತಾ.ಕ.: ರಾಹೀಲ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದೇ ಉಳಿಯಿತು. ನಾನು ಹೊರಡುವಾಗ ಅಂಜನಾಬಾಯಿ ಗೋಡೆಯ ತುದಿಯವರೆಗೆ ಬಂದು ಹೇಳಿದರು: ‘ಮುರದವರೇ ಬಂದು ಗೂಡ ಕಟ್ಟಿ ಕೊಡ್ಲಿ. ಗ್ವಾಡಿದಾಗ ಕೊಡ ಹಿಡಸೋವಷ್ಟು ಕಿಂಡಿ ತೆಗಸೋದು ನನ್ನ ಕಡಿ ಬಿಡ್ರಿ, ಅವರು ಹೂಂ ಅಂದಾರ.’ ಅಂದರೆ ನರಸಿಂಗನೂ ಒಪ್ಪಿದ್ದಾನೆ, ಬಹುಶಃ ಬೀಡಿ ಹಚ್ಚುತ್ತ. ಬಡಿಗನನ್ನು ಕಳಿಸುತ್ತೇನೆ ಎಂದೆ, ಬೇಡವಂತೆ. ಆ ಗೂಡಿಗೆಂದು ಕೋಳಿಮರಿ ತಂದು ನಮ್ಮ ಬಚ್ಚಲಲ್ಲಿ ಬಿಟ್ಟಿದ್ದೇನೆ, ಅವ್ವನ ಬೈಗುಳಕ್ಕೆ ಈಗ ಅವೂ ಪಾಲುದಾರರು. ಸುಮನಳಿಗೆ ದಿನ ಹತ್ತಿರ ಬರುತ್ತಿದೆ, ಕೊಡ ಇನ್ನೂ ಸಾಲೆಯಿಂದಲೇ ಬರುತ್ತಿದೆ. ಅವಳು ಹೇಳಿಕಳಿಸಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ‘ಅಣ್ಣಗ ಹೇಳ್ರಿ ವೈನೀ, ಈ ಸಲ ನಾ ಅಳಲಾಕತ್ತಿಲ್ಲ, ಕರೀಲಾಕತ್ತೀನಿ. ಒಬ್ಬನೇ ಬಾ ಅನ್ರಿ. ಬಸ್ಸಿಗಿ ಬಾ ಅನ್ರಿ.’