ನಿನ್ನ ಹೆಸರಿನ ಅತ್ತಿಮರ

ಬುಕೂಟ, ಮಸಾಕ ಹತ್ತಿರ
19 ಜುಲೈ 1988

ನನ್ನ ಮುದ್ದು ನಾಕಿಮೇರಾ,

ಹೇಗಿದ್ದೀಯ ಮಗಳೇ? ದ್ವೀಪದ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಮೀನು ಒಣಹಾಕುವ ಗಡಿಬಿಡಿಯಲ್ಲಿ ಊಟ ಬಿಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಅಮ್ಮ ಹೋದ ಸುದ್ದಿಯನ್ನು ರೇಡಿಯೊದಲ್ಲಿ ಓದಿಸಿದ್ದೆ, ಕೇಳಿರುತ್ತೀಯ. ಸರೋವರ ಕೆರಳಿ ದೋಣಿ ಬಿಡಲಿಲ್ಲವೆಂದು ದಡದಿಂದ ಬಂದವರು ಹೇಳಿದರು. ನಿನ್ನನ್ನು ನೀನು ಬೈದುಕೊಳ್ಳಬೇಡ. ನೀರಿನ ಜೊತೆ ಜಗಳವಾಡಿ ಗೆದ್ದವರುಂಟೇ?

ಸಾವಿನ ಮನೆಗೆ ನಮ್ಮಲ್ಲಿ ಯಾರೂ ಬರಿಗೈಲಿ ಬರುವುದಿಲ್ಲ; ಊರೆಲ್ಲ ಹೊದಿಸಲು ತೊಗಟೆಬಟ್ಟೆ ತಂದಿತು. ಆದರೆ ನಿನ್ನಮ್ಮ ಕೊನೆಯ ದಿನ ಬಾಗಿಲನ್ನೇ ನೋಡುತ್ತ ಅಂದಿದ್ದಳು: "ನೋಡಿ, ಅವಳು ಬರದಿದ್ರೆ ಅವಳ ಮರದ ಬಟ್ಟೇಲೇ ನನ್ನ ಸುತ್ತಿ. ಮರವಾದ್ರೂ ತಬ್ಬಿಕೊಳ್ಳಲಿ." ನೀನು ಹುಟ್ಟಿದಾಗ ಅವಳೇ ಕೊಂಬೆ ನೆಟ್ಟು ಬೆಳೆಸಿದ ಅತ್ತಿ. ಬದುಕಿಡೀ ಅತ್ತಿತೊಗಟೆ ಬಡಿದು ಬಟ್ಟೆ ಮಾಡಿದ ನನ್ನನ್ನು ಅದೊಂದರ ಹತ್ತಿರ ಸುಳಿಯಗೊಡಲಿಲ್ಲ, ಪುಣ್ಯಾತ್ಗಿತ್ತಿ! ಹಣ್ಣಾದಾಗ ಹಗಲು ಮಂಗಟ್ಟೆ ಹಕ್ಕಿಗಳ ಗದ್ದಲ, ಕತ್ತಲಾದರೆ ಬಾವಲಿಗಳ ಸಂತೆ. ಕಲ್ಲೆಸೆಯುವ ಮಕ್ಕಳಿಗೆ "ಹಕ್ಕಿ ತಿಂದು ಮಿಕ್ಕಿದ್ದು ನಿಮ್ಗೆ ಕಣ್ರೋ, ಹೋಗಿ ಆಚೆ!" ಎಂದು ಪೊರಕೆ ಬೀಸುತ್ತಿದ್ದಳಲ್ಲ, ನೆನಪಿದೆಯೇ?

ಮಳೆಗಾಲದಲ್ಲಾದರೆ ತೊಗಟೆ ಸಲೀಸಾಗಿ ಬಿಡುತ್ತದೆ. ಬಾಳೆಲೆ ಸುತ್ತಿದರೆ ಮರ ಮತ್ತೆ ಚರ್ಮ ಕಟ್ಟುತ್ತದೆ. ಈ ಒಣ ತಿಂಗಳಲ್ಲಿ ಸುಲಿದರೆ ಬದುಕುವುದಿಲ್ಲ. ನನಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಪಕ್ಕದ ಮನೆಯ ಕಿಬೂಕ ಚೂರಿ ಕಸಿಯಲು ಬಂದ. "ಏ ಮುದುಕಾ, ಹೆಂಡ್ತಿ ಜೊತೆ ಮರಾನೂ ಹೂಳ್ತೀಯೇನೋ?" ಅಂದ. ಸುಲಿದೆ. ಅಳುತ್ತಲೇ ಬಡಿದು ಹದ ಮಾಡಿದೆ. ಅದರಲ್ಲೇ ಅವಳನ್ನು ಸುತ್ತಿ ಕಾಫಿಗಿಡಗಳ ಅಂಚಿನಲ್ಲಿ ಮಲಗಿಸಿದೆವು.

ಮರಕ್ಕೂ ಬಾಳೆಲೆ ಸುತ್ತಿದೆ, ನೀರು ಹೊಯ್ದೆ. ಎಲೆ ಉದುರುವುದು ನಿಲ್ಲಲಿಲ್ಲ. ಮಂಗಟ್ಟೆಗಳು ಬರುತ್ತವೆ, ಬರಿಗೊಂಬೆಯ ಮೇಲೆ ಸ್ವಲ್ಪ ಹೊತ್ತು ಕೂತು ಹಾರಿಹೋಗುತ್ತವೆ. ಅವುಗಳ ಮುಖ ನೋಡಲು ನನಗೆ ನಾಚಿಕೆ. ಒಂದೇ ವಾರದಲ್ಲಿ ಇಬ್ಬರನ್ನು ಕಳಕೊಂಡೆ ಮಗಳೇ, ತಡೆಯಲಾಗುತ್ತಿಲ್ಲ.

ಹಿರಿಯರ ನೆರಳು ನಿನ್ನ ಮೇಲಿರಲಿ. ಕೆಮ್ಮಿಗೆ ಶುಂಠಿ ಕುದಿಸಿ ಕುಡಿ.

ನಿನ್ನ ಅಪ್ಪ,
ಲುತಾಕೋಮೆ

ಮರೆತಿದ್ದೆ, ಬಾಳೆಗೊನೆಯ ಲಾರಿಯವನು ಕಾಗದಕ್ಕಾಗಿ ಕೂಗುತ್ತಿದ್ದಾನೆ: ಸುಲಿಯುವ ಮೊದಲು ಒಂದು ಕೊಂಬೆ ಕಡಿದು ಅಮ್ಮನ ನೀರಿನ ಕೊಡದಲ್ಲಿ ಇಟ್ಟಿದ್ದೆ. ಚಿಗುರಿದೆ. ಅವಳ ತಲೆಯ ಪಕ್ಕ ಗುಂಡಿ ತೋಡಿದ್ದೇನೆ, ನೆಟ್ಟಿಲ್ಲ. ಅದು ನಿನ್ನ ಕೆಲಸ. ಸರೋವರ ತಣ್ಣಗಾದ ದಿನ ಬಾ.