ಪರದೆಯ ಹಿಂದೆ ಎರಡು ಪೆಟ್ಟಿಗೆ

ಪೋರ್ಟ್ ಕೆಂಬ್ಲಾ
ಆಗಸ್ಟ್ 18, 2024, ಭಾನುವಾರ

ಪ್ರೀತಿಯ ರಿಸ್ಟೊ,

ನೀನೂ ಲೆಂಚೆಯೂ ಚೆನ್ನಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ನಾನು ಇದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀವು ಮೊರುಯಾ ಊರು ಸೇರಿ ಹತ್ತಿರ ಹತ್ತಿರ ಎರಡು ವರ್ಷವಾಯಿತು, ನನ್ನಿಂದ ಒಂದು ಸಾಲೂ ಬರಲಿಲ್ಲ. ಕ್ರಿಸ್‌ಮಸ್‌ಗೆ ಲೆಂಚೆ ಕಳಿಸಿದ್ದ ಕೆಂಪು ಮೆಣಸಿನಕಾಯಿ ಚಟ್ನಿ ಮುಗಿದು, ಜಾಡಿ ತೊಳೆದು, ಈಗ ಅದರಲ್ಲಿ ಗಿಟಾರ್ ಮೀಟುವ ಪಿಕ್‌ಗಳಿವೆ. ಅದಕ್ಕೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಕೆಲಸವಿತ್ತು ಎಂದರೆ ನೀನು ನಗುತ್ತೀಯ. ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ತಿಳಿಯಲಿಲ್ಲ, ಅಷ್ಟೇ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮೂರು ಸಲ ಮಾಡಿದೆ, ಮೂರು ಸಲವೂ ಲೆಂಚೆಯೇ ಎತ್ತಿದಳು. "ಇವ್ರು ಫೋನಿಗೆ ಬರಲ್ಲ ನೆವ್, ಕಿವಿ ಹೋಗಿದೆ ಅಂತಾರೆ. ಡಾಕ್ಟ್ರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ ಅಂದ್ರು. ಇವ್ರು ನಂಬಲ್ಲ. ಟೀವಿ ಸೌಂಡ್ ಆಫ್ ಮಾಡಿ ಕೆಳಗೆ ಬರೋ ಅಕ್ಷರ ಓದ್ಕೊಂಡು ಕೂತಿರ್ತಾರೆ. ರೆಕಾರ್ಡೆಲ್ಲ ಪಕ್ಕದ ಮನೆಯವ್ರಿಗೆ ಕೊಟ್ಬಿಟ್ರು. ನೀವೊಂದು ಮಾತು ಹೇಳಿ, ನೀವು ಹೇಳಿದ್ರೆ ಕೇಳ್ತಾರೆ" ಎಂದಳು. ಆ ಕೊನೆಯ ಮಾತು ಕೇಳಿದ ಕೂಡಲೇ, ಯಾರೋ ಬಾಗಿಲು ತಟ್ಟಿದರು ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.

ಈಗೇಕೆ ಬರೆಯುತ್ತಿದ್ದೇನೆಂದರೆ, ಕಳೆದ ಮಂಗಳವಾರ ನಿಜವಾಗಿಯೂ ಬಾಗಿಲು ತಟ್ಟಿದರು. ಮೆನಾ ಎಂದು ಹೆಸರು, ಸಮೋವಾದ ಹೆಂಗಸು, ನಲವತ್ತರ ಆಸುಪಾಸು. ವಾರಾವಾಂಗ್‌ನ ವೃದ್ಧಾಶ್ರಮದಲ್ಲಿ ನರ್ಸು. ಭಾನುವಾರ ಚರ್ಚಿನಲ್ಲಿ, ಶುಕ್ರವಾರ ಕ್ಲಬ್ಬಿನಲ್ಲಿ ಗಿಟಾರ್ ನುಡಿಸುತ್ತಾಳೆ. ನನ್ನ ಮನೆ ತೋರಿಸಿದವರೂ ಕ್ಲಬ್ಬಿನವರೇ. ಕಂಕುಳಲ್ಲಿ ಟವೆಲ್ ಸುತ್ತಿದ ಪೆಟ್ಟಿಗೆ. ಬಿಚ್ಚಿದರೆ ನೀನು ಕಟ್ಟಿದ ಗಿಟಾರ್ ಆಂಪ್! ಮುಚ್ಚಳದ ಒಳಗೆ ನಿನ್ನ ಪೆನ್ಸಿಲ್ ಬರಹ: "ರಿಸ್ಟೊ, 1996, ಇಪ್ಪತ್ತಮೂರನೆಯದು." ಒಳಗಿನ ಗಾಜಿನ ವಾಲ್ವ್‌ಗಳಲ್ಲಿ ಒಂದು ಸತ್ತಿದೆ, ಇನ್ನೊಂದು ಕಡೆ ಪಟಪಟ ಸದ್ದು. ನಾನು ತಿರುಗಿಸಿ ಮುರುಗಿಸಿ ನೋಡಿದೆ. ನನಗೆ ಅದರ ಹೊಟ್ಟೆಯೊಳಗಿನ ವಿಷಯ ಎಂದಾದರೂ ಗೊತ್ತಾಗಿತ್ತೇ? ನುಡಿಸುವವನು ನಾನು, ಕಟ್ಟುವವನು ನೀನು.

ಅವಳ ಕಾರಿನಲ್ಲಿ ಮಾಡೆಲರ್ ಕೂಡ ಇತ್ತು. ಹಳೆಯ ನೂರು ಆಂಪ್‌ಗಳ ದನಿಯನ್ನು ಲೆಕ್ಕ ಹಾಕಿ ಅನುಕರಿಸುವ ಆ ಡಿಜಿಟಲ್ ಪೆಟ್ಟಿಗೆ ಈಗ ಯಾರ ಹತ್ತಿರ ಇಲ್ಲ ಹೇಳು. ಅದಿರುವಾಗ ಈ ಹಳೆಯದರ ಹಿಂದೆ ಯಾಕಮ್ಮ ಬಿದ್ದಿದ್ದೀಯ ಎಂದು ಕೇಳಿದೆ.

"ಚರ್ಚಿಗೆ ಅದೇ ಒಯ್ಯೋದು ಅಂಕಲ್. ಹಗುರ. ಪಾಸ್ಟರು ಸೌಂಡ್ ಕಮ್ಮಿ ಮಾಡಮ್ಮ ಅಂದ್ರೆ ಒಂದು ಗುಂಡಿ ತಿರುಗಿಸಿದ್ರೆ ಆಯ್ತು. ಆದ್ರೆ ಅದು ನನ್ನ ತಪ್ಪನ್ನೆಲ್ಲ ಮುಚ್ಚಿಹಾಕತ್ತೆ. ಇದಿದೆಯಲ್ಲ, ಇದು ಬಯ್ಯತ್ತೆ. ಬೈಸ್ಕೊಂಡು ಬೈಸ್ಕೊಂಡೇ ನಾನು ಸರಿಯಾಗಿ ನುಡ್ಸೋದು ಕಲ್ತಿದ್ದು. ಕಟ್ಟಿದವ್ರು ಬದುಕಿದಾರಾ?"

"ಇದಾನೆ. ಕೆಲಸ ಬಿಟ್ಟಿದಾನೆ."

"ಯಾಕೆ?"

ನಾನು ಟೀ ಇಡಲು ಎದ್ದುಹೋದೆ. ಕೆಟಲ್ ಕುದಿದು ತಾನಾಗಿ ಆರಿದರೂ ಅಲ್ಲೇ ನಿಂತಿದ್ದೆ ರಿಸ್ಟೊ.

ನಾನೂ ಅಂಥದೇ ಒಂದು ಮಾಡೆಲರ್ ಕೊಂಡಾಗ ನಿನಗೆ ಹೇಳದೆ ಮೂರು ತಿಂಗಳು ಬೀರುವಿನಲ್ಲಿಟ್ಟಿದ್ದು ನೆನಪಿದೆಯೇ? ಕಡೆಗೆ ನೀನೇ ಕಂಡುಹಿಡಿದೆ. ಒಂದೇ ಕೈಯಲ್ಲಿ ಎತ್ತಿ, "ಬ್ರೆಡ್ಡಿನ ಪೊಟ್ಟಣ ಇದ್ದಂಗಿದೆಯಲ್ಲೋ. ಒಳಗೆ ಏನಾದ್ರೂ ಇದೆಯೋ ಇಲ್ವೋ?" ಎಂದೆ. ಬೇಜಾರು ಮಾಡಿಕೊಳ್ಳಲಿಲ್ಲ. ಅದರ ಒಳ್ಳೆಯದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ನಿನ್ನ ಪೆಟ್ಟಿಗೆ ಬೆಚ್ಚಗಾಗಲು ಹತ್ತು ನಿಮಿಷ ಕಾಯಿಸುತ್ತಿತ್ತು. ಚಳಿ ದಿನ ಒಂದು ದನಿ, ಸೆಕೆ ದಿನ ಇನ್ನೊಂದು. ಇದು ಒತ್ತಿದ ಕೂಡಲೇ ಸಿದ್ಧ, ನಿನ್ನೆ ಹೇಗೋ ಇವತ್ತೂ ಹಾಗೆಯೇ. ಡ್ರಮ್ಮು, ಬೇಸು ಎಲ್ಲ ಸೇರಿದ ಮೇಲೆ ಹತ್ತಡಿ ಆಚೆ ಬಿಯರ್ ಹಿಡಿದು ನಿಂತವರಿಗೆ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ. ನೀನೂ ಅದನ್ನು ಒಪ್ಪಿದ್ದೆ. "ನಿಂತವ್ರಿಗೆ ತಿಳಿಯಲ್ಲ, ನಿಜ. ನನಗೆ ತಿಳಿಯತ್ತೆ" ಎಂದೆ. ನನಗೆ ಕೆಣಕಿದಂತಾಯಿತು.

ಬರೀ ದನಿ ಕೇಳಿ ನಿನ್ನ ಪೆಟ್ಟಿಗೆ ಯಾವುದೆಂದು ನೀನು ಗುರುತಿಸಬೇಕಿದ್ದ ಆ ಸ್ಪರ್ಧೆ ಯಾರ ತಲೆಯಲ್ಲಿ ಹುಟ್ಟಿತೆಂದು ನೀನು ಒಮ್ಮೆಯೂ ಕೇಳಲಿಲ್ಲ. ಕ್ಲಬ್ಬಿನ ಕಮಿಟಿಯವರದು ಎಂದು ನೀನು ಅಂದುಕೊಂಡಿದ್ದೆ. ಅಲ್ಲ, ನನ್ನದು. ಭಾನುವಾರ ಮಧ್ಯಾಹ್ನ, ಬೋಲಿಂಗ್ ಕ್ಲಬ್ಬಿನಲ್ಲಿ ಗೆದ್ದವರಿಗೆ ಮಾಂಸದ ಟ್ರೇ ಕೊಡುವ ಲಾಟರಿ ಎತ್ತುವ ಹೊತ್ತಿಗೆ ಜನ ತುಂಬಿರುತ್ತಾರೆಂದು ದಿನ ಗೊತ್ತು ಮಾಡಿದವನೂ ನಾನೇ. ಎರಡು ಮೇಜುಬಟ್ಟೆ ಕಟ್ಟಿ ಪರದೆ ಮಾಡಿ ಹಿಂದೆ ಕೂತೆ. ಅದೇ ಗಿಟಾರ್, ಅದೇ ಸ್ಪೀಕರ್, ನಡುವಿನ ಪೆಟ್ಟಿಗೆ ಮಾತ್ರ ಬೇರೆ: ಒಮ್ಮೆ ಮಾಡೆಲರ್, ಒಮ್ಮೆ ನಿನ್ನದು. ಮಾಡೆಲರ್‌ನಲ್ಲಿ ನಾನು ಇಟ್ಟಿದ್ದ ದನಿ ಯಾವುದು ಗೊತ್ತೇ? ನಿನ್ನ ಪೆಟ್ಟಿಗೆಯದೇ. ನಿನ್ನನ್ನು ಕೇಳದೆ ಅದನ್ನು ಮಾಡೆಲರಿಗೆ ಜೋಡಿಸಿ ದನಿಯ ನಕಲು ತೆಗೆದಿದ್ದೆ.

ಎರಡನ್ನೂ ನುಡಿಸಿದೆ. ನೀನು ತಟ್ಟನೆ, "ಎರಡನೇದು ನಂದು" ಎಂದೆ. ನೀನು ಹೇಳಿದ್ದು ಸರಿಯಾಗಿತ್ತು. ಆಮೇಲೆ ನೀನು, "ತಡಿ ತಡಿ, ಇನ್ನೊಂದ್ಸಲ ನುಡಿಸು. ಮಧ್ಯೆ ಗ್ಯಾಪ್ ಬಿಡು, ಸದ್ದು ನಿಂತ್ಮೇಲೆ ಕೇಳ್ಬೇಕು" ಎಂದೆ.

ನೀನು ಹಾಗೆ ಕೇಳುತ್ತೀಯೆಂದು ನನಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ನಿನ್ನ ಶೆಡ್ಡಿನಲ್ಲಿ ನನಗೆ ಮೊದಲು ಕಲಿಸಿದ ಪಾಠವೇ ಅದಲ್ಲವೇ? "ಸ್ವರ ಯಾರು ಬೇಕಾದ್ರೂ ಕೇಳ್ತಾರೆ. ಸ್ವರ ನಿಂತ್ಮೇಲೆ ಏನಿದೆ ಕೇಳು. ವಾಲ್ವ್ ಸುಮ್ನಿರಲ್ಲ, ಸಣ್ಣಗೆ ಗುಂಯ್ ಅಂತಿರತ್ತೆ." ನಿನ್ನ ಪಾಠದಿಂದಲೇ ನಿನ್ನನ್ನು ಕೆಡವಿದೆ ರಿಸ್ಟೊ. ಕಳ್ಳತನದಲ್ಲಿ ಇನ್ನೊಂದು ತಂತಿ ಎಳೆದಿದ್ದೆ. ಮಾಡೆಲರ್ ನುಡಿಸುವಾಗ ನಿನ್ನ ಪೆಟ್ಟಿಗೆಯ ಗುಂಯ್ ಸದ್ದೂ ಸ್ಪೀಕರಿಗೆ ಸೋರುತ್ತಿತ್ತು. ನಿನ್ನದನ್ನು ನುಡಿಸುವಾಗ, ಸ್ವರಗಳ ನಡುವಿನ ಸದ್ದನ್ನು ಕತ್ತರಿಸುವ ಪೆಡಲ್ ಹಾಕಿ ಪೂರ್ತಿ ಬಾಯಿ ಮುಚ್ಚಿಸಿದ್ದೆ. ನೀನು ಕಣ್ಣು ಮುಚ್ಚಿ ಕೇಳಿದೆ. ಬಹಳ ಹೊತ್ತು ಕೇಳಿದೆ. "ಇಲ್ಲ, ಮೊದಲ್ನೇದು. ಗುಂಯ್ ಅದರಲ್ಲೇ ಇದೆ" ಎಂದೆ.

ಪರದೆ ತೆಗೆದಾಗ ಎದ್ದ ನಗು ನಿನಗೆ ನೆನಪಿಸಬೇಕಿಲ್ಲ. "ತಾನೇ ಹೆತ್ತ ಕೂಸಿನ ಗುರುತು ಸಿಗ್ಲಿಲ್ವಲ್ಲೋ!" ಎಂದು ಬಾರಿನ ಹತ್ತಿರ ಯಾರೋ ಕೂಗಿದರು. ಸಮಾಧಾನಕರ ಬಹುಮಾನವೆಂದು ಲಾಟರಿಯವರು ನಿನ್ನ ಕೈಗೆ ಒಂದು ಟ್ರೇ ಸಾಸೇಜು ಕೊಟ್ಟರು. ನೀನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಯಾಕೆ ಮಾಡಿದೆ ಎಂದು ನೀನು ಕೇಳಬೇಕು, ಕೇಳುವ ಹಕ್ಕಿದೆ. ಮೂವತ್ತು ವರ್ಷ ನಾನು ನುಡಿಸಿ ಕೆಳಗಿಳಿದಾಗಲೆಲ್ಲ ಜನ ಬಂದು ಏನು ಕೇಳುತ್ತಿದ್ದರು ಗೊತ್ತೇ? "ಎಂಥಾ ಸೌಂಡ್ ಗುರು! ಆ ಪೆಟ್ಟಿಗೆ ಯಾರು ಕಟ್ಟಿದ್ದು?" ನುಡಿಸಿದವನು ಯಾರು ಎಂದು ಒಬ್ಬರೂ ಕೇಳಲಿಲ್ಲ, ನಾನು ಎದುರಿಗೇ ಬೆವರಿಕೊಂಡು ನಿಂತಿರುತ್ತಿದ್ದೆ. ನಾನು ನಿನ್ನ ಹೆಸರು ಹೇಳುತ್ತಿದ್ದೆ, ನಗುನಗುತ್ತಲೇ ಹೇಳುತ್ತಿದ್ದೆ. ಹೊಟ್ಟೆಯಲ್ಲಿ ಉರಿ ಇತ್ತು. ಒಂದು ಮಧ್ಯಾಹ್ನದ ಮಟ್ಟಿಗೆ, ಪೆಟ್ಟಿಗೆ ಯಾವುದಾದರೇನು, ಬೆರಳು ನನ್ನದು ಎಂದು ತೋರಿಸಬೇಕೆನ್ನಿಸಿತು. ಇಷ್ಟು ಸಣ್ಣ ಕಾರಣಕ್ಕೆ ನಿನ್ನ ಕಿವಿಯ ಮೇಲಿನ ನಂಬಿಕೆಯನ್ನೇ ಕಿತ್ತುಕೊಂಡೆ. ಉಕ್ಕಿನ ಕಾರ್ಖಾನೆಯ ಸದ್ದಿನ ನಡುವೆ ಮೂವತ್ತೆರಡು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೂ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ನೀನು ಮಗುವಿನಂತೆ ಕಾಪಾಡಿಕೊಂಡ ಕಿವಿ ಅದು. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆದ್ದರಿಂದ ಡಾಕ್ಟರ ಮಾತನ್ನು ನಂಬು. ನಿನ್ನ ಕಿವಿಗೆ ಏನೂ ಆಗಿಲ್ಲ. ಟೀವಿಯ ಸೌಂಡ್ ಹಾಕು. ಲೆಂಚೆಯ ಹತ್ತಿರ ಮಾತಾಡು, ಪಾಪ ಅವಳು ಗೋಡೆಯ ಜೊತೆ ಮಾತಾಡಿದಂತೆ ಇದ್ದಾಳೆ.

ಇನ್ನೊಂದು ವಿಷಯ, ನಿನ್ನನ್ನು ಕೇಳದೆ ಮಾಡಿದ್ದು. ಮುಂದಿನ ಶನಿವಾರ ಮೆನಾ ಇಪ್ಪತ್ತಮೂರನೆಯದನ್ನು ತೆಗೆದುಕೊಂಡು ನಿನ್ನ ಮನೆಗೆ ಬರುತ್ತಾಳೆ. ವಿಳಾಸ ನಾನೇ ಕೊಟ್ಟೆ. ರಿಪೇರಿ ಮಾಡುವುದಿಲ್ಲ ಎಂದು ಹೇಳುವುದಾದರೆ ಅವಳಿಗೇ ಹೇಳು. ಆದರೆ ಹೇಳುವ ಮೊದಲು ಅವಳು ನುಡಿಸುವುದನ್ನು ಒಂದು ಸಲ ಕೇಳು. ಹೊಸ ವಾಲ್ವ್ ಎರಡು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಹೋಗುವಾಗ ಎಸೆದುಬಿಡು ಎಂದಿದ್ದೆಯಲ್ಲ, ನಿನ್ನ ಆ ಸೋಲ್ಡರಿಂಗ್ ಕಡ್ಡಿ, ಅದೂ ನನ್ನ ಹತ್ತಿರವೇ ಇದೆ. ಎಸೆದಿರಲಿಲ್ಲ. ಅದನ್ನೂ ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ.

ನಾನು ಬರುವುದಿಲ್ಲ. ನೀನು ಕರೆಯುವವರೆಗೆ ಬರುವ ಹಕ್ಕು ನನಗಿಲ್ಲ. ಕರೆಯದಿದ್ದರೂ ಸರಿ. ನಿನ್ನ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ, ಲೆಂಚೆಯ ಮೆಣಸಿನ ಗಿಡಗಳು ಆ ಸಮುದ್ರದ ಗಾಳಿಯಲ್ಲೂ ತುಂಬಿ ಕಾಯಲಿ. ಇಬ್ಬರೂ ಬಹಳ ಕಾಲ ಸುಖವಾಗಿರಿ.

ನಿನ್ನ
ನೆವ್

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಹರಿದೆ. ಇಷ್ಟೆಲ್ಲ ಒಪ್ಪಿಕೊಂಡೂ ಮುಖ್ಯವಾದದ್ದನ್ನು ಬಿಟ್ಟಿದ್ದೆ.

ಆ ದಿನ ವಾಪಸು ಬರುವಾಗ ನನ್ನ ಯೂಟ್ ಗಾಡಿಯಲ್ಲಿ ನೀನು ತೊಡೆಯ ಮೇಲೆ ಸಾಸೇಜಿನ ಟ್ರೇ ಇಟ್ಟುಕೊಂಡು ಕೂತಿದ್ದೆ. ಫೈವ್ ಐಲೆಂಡ್ಸ್ ರಸ್ತೆಯ ಸಿಗ್ನಲಿನಲ್ಲಿ ನಿಂತಾಗ ನೀನು ಕೇಳಿದೆ: "ಹೋಗ್ಲಿ ಬಿಡೋ, ನನ್ನ ಕಿವಿ ಹೋಯ್ತು. ನೀನು ನುಡಿಸ್ತಿದ್ದೆಯಲ್ಲ, ನಿನ್ ಬೆರಳಿಗೇನಾದ್ರೂ ಬೇರೆ ಅನ್ನಿಸ್ತಾ? ಸ್ವಲ್ಪ ಆದ್ರೂ?"

ಆಗಲಾದರೂ ನಿಜ ಹೇಳಬಹುದಿತ್ತು. ಸಿಗ್ನಲ್ ಇನ್ನೂ ಕೆಂಪೇ ಇತ್ತು, ಬೇಕಾದಷ್ಟು ಸಮಯವಿತ್ತು. ನಾನು, "ಇಲ್ಲ ಕಣೋ, ಎರಡೂ ಒಂದೇ" ಎಂದೆ. ನೀನು, "ಹಾಗಾದ್ರೆ ನಾನ್ಯಾಕೆ ಇಷ್ಟು ವರ್ಷ ಕಟ್ಟಿದ್ದು" ಎಂದೆ. ನನ್ನನ್ನು ಕೇಳಿದ್ದಲ್ಲ ಅದು, ಕಿಟಕಿಯ ಕಡೆ ತಿರುಗಿ ಹೇಳಿಕೊಂಡದ್ದು. ಮರುವಾರವೇ ಶೆಡ್ ಖಾಲಿ ಮಾಡಿದೆ. ಕ್ಲಬ್ಬಿನ ನಗುವನ್ನು ನೀನು ಮರೆಯುತ್ತಿದ್ದೆ. ನಿನ್ನ ಕೆಲಸ ನಿಲ್ಲಿಸಿದ್ದು ನನ್ನ ಆ ಒಂದು ಮಾತು.

ಮೊದಲ ಮೀಟಿಗೇ ಗೊತ್ತಾಗಿತ್ತು ರಿಸ್ಟೊ. ನಿನ್ನದಕ್ಕೆ ಬದಲಾಯಿಸಿದ ಕೂಡಲೇ ಗಿಟಾರಿನ ತಂತಿ ನನ್ನ ಬೆರಳನ್ನು ಹಿಡಿದುಕೊಂಡಿತು, ಯಾವಾಗಲೂ ಹಿಡಿಯುತ್ತಿದ್ದ ಹಾಗೆ.